ಗೊಣಗಾಟದ ಮಟ್ಟ

ಅಂಗಿಯ ಎರಡನೆಯ ಗುಂಡಿ ಮೂರನೆಯ ಕಾಜದಲ್ಲಿ ಹೋಗಿ ಕೂತಿದೆ ಎಂಬುದನ್ನು ಮೊದಲು ಕಂಡವಳು ಹೆಂಡತಿ. ಅವಳು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವಳು. ಹದಿನಾರು ಪುಟಗಳ ನಡುವೆ ಅಡಗಿ ಕೂತ ಒಂದು ಒತ್ತಕ್ಷರದ ತಪ್ಪು ಅವಳ ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂದಮೇಲೆ, ಎದುರಿಗೆ ಚಹಾ ಕುಡಿಯುತ್ತ ಕೂತ ಗಂಡನ ಎದೆಯ ಮೇಲಿನ ತಪ್ಪು ಬೀಳದೆ ಇದ್ದೀತೇ. "ಒಂದು ಬಿಟ್ಟುಹೋಗಿದೆ ನೋಡಿ" ಎಂದಳು. ಅವನ ಎದೆ ಧಸಕ್ಕೆಂದಿತು. ಹದಿನೈದು ದಿನಗಳಿಂದ ಈ ಮಾತನ್ನು ಯಾರ ಬಾಯಿಂದ ಕೇಳಿದರೂ ಅವನಿಗೆ ಹೀಗೆಯೇ ಆಗುತ್ತಿತ್ತು. "ಏನು ಬಿಟ್ಟುಹೋಗಿದೆ? ಯಾರು ಹೇಳಿದ್ದು?" ಎಂದು ಗದರಿದ. "ಗುಂಡಿ ರೀ. ನಿಮ್ಮ ಅಂಗಿ ಗುಂಡಿ. ಏನಾಗಿದೆ ನಿಮಗೆ?" "ಏನಿಲ್ಲ." ಈ ಏನಿಲ್ಲವನ್ನು ಅವನು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಾನೆ. ಮದುವೆಯಾಗಿ ಹದಿನಾಲ್ಕು ವರ್ಷ. ದಿನಕ್ಕೆ ನಾಲ್ಕರಂತೆ ಒಟ್ಟು ಎಷ್ಟಾಯಿತು ಎಂದು ಮನಸ್ಸಿನಲ್ಲೇ ಗುಣಿಸತೊಡಗಿದವನು ಅದರಲ್ಲಿ ಮುಳುಗಿಹೋಗಿ, ಅವಳು ಮತ್ತೇನೋ ಕೇಳಿದ್ದಕ್ಕೆ ಮತ್ತೊಂದು ಏನಿಲ್ಲ ಸೇರಿಸಿದ. ಅವಳು ಕೇಳಿದ್ದು ಸಂಜೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು.

ಕಣ್ಣಾಸ್ಪತ್ರೆಯಲ್ಲಿ ಅವನ ಹೆಸರು ಕಂಪ್ಯೂಟರ್. ಮೆಟ್ಟಿಲ ಕೆಳಗೆ, ಒಂದು ಕಡೆ ಕನ್ನಡಕದ ಅಂಗಡಿ, ಇನ್ನೊಂದು ಕಡೆ ನೆಲ ಒರೆಸುವವರು ಬಕೆಟ್ಟು ಇಡುವ ಮೂಲೆ, ಇವೆರಡರ ನಡುವೆ ಅವನ ವಿಭಾಗ. ವಿಭಾಗ ಎಂದರೆ ಅವನೊಬ್ಬನೇ. ಯಾರಾದರೂ ಮೆಟ್ಟಿಲು ಹತ್ತಿದರೆ ಅವರ ಚಪ್ಪಲಿ ಅವನ ನೆತ್ತಿಯ ಮೇಲೆಯೇ ನಡೆದಂತೆ ಕೇಳಿಸುತ್ತದೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಅವನನ್ನೇ ಕರೆಯುತ್ತಾರೆ, ಗೋಡೆಯ ಗಡಿಯಾರ ನಿಂತರೂ ಅವನನ್ನೇ. ಆದರೂ ತಾನೊಂದು ದೊಡ್ಡ ವ್ಯವಸ್ಥೆಯ ಕರ್ತೃ ಎಂಬ ಹಮ್ಮು ಅವನಿಗೆ ಒಳಗೊಳಗೆ ಇತ್ತು. ಒಂಬತ್ತು ವರ್ಷದ ಹಿಂದೆ ಟೋಕನ್ ಕರೆಯುವ ಪ್ರೋಗ್ರಾಮನ್ನು ಬರೆದವನು ಅವನೇ. ರೋಗಿಗಳು ಬಾಗಿಲಲ್ಲಿ ಚೀಟಿ ತೆಗೆದುಕೊಂಡು ಕೂರುತ್ತಾರೆ. ಎರಡು ಕೌಂಟರುಗಳಲ್ಲಿ ಕೂತವರು ಗುಂಡಿ ಒತ್ತಿದರೆ ಮುಂದಿನ ನಂಬರು ಗೋಡೆಯ ಫಲಕದಲ್ಲಿ ಕೆಂಪಗೆ ಹೊಳೆಯುತ್ತದೆ, ಒಂದು ಹೆಣ್ಣುದನಿ ಅದನ್ನು ಕೂಗುತ್ತದೆ. ಎಲ್ಲ ಸರಿ. ಆದರೆ ಎರಡೂ ಕೌಂಟರಿನವರು ಒಂದೇ ಗಳಿಗೆಯಲ್ಲಿ ಒತ್ತಿಬಿಟ್ಟರೆ ಒಂದು ನಂಬರು ಯಾರಿಗೂ ಕಾಣದೆ, ಯಾರಿಗೂ ಕೇಳದೆ ಹಾರಿಹೋಗುತ್ತದೆ. ದಿನಕ್ಕೆ ನಾಲ್ಕೋ ಐದೋ. ಹೀಗೇಕೆ ಆಗುತ್ತದೆ ಎಂಬುದು ಲೋಕದಲ್ಲಿ ಅವನೊಬ್ಬನಿಗೆ ಮಾತ್ರ ಗೊತ್ತಿದ್ದ ಸಂಗತಿ, ಅದನ್ನೂ ಅವನು ಬಹಳ ಮಟ್ಟಿಗೆ ಮರೆತಿದ್ದ.

ಹದಿನೈದು ದಿನದ ಹಿಂದೆ ನಲವತ್ತೇಳು ಹಾರಿತು. ನಲವತ್ತೇಳರ ಚೀಟಿ ಹಿಡಿದು ಕೂತಿದ್ದವನು ಒಬ್ಬ ಮುದಿ ದರ್ಜಿ. ಕಣ್ಣಿಗೆ ಹನಿ ಹಾಕಿ ಕೂರಿಸಿದ್ದರಿಂದ ಫಲಕ ಅವನಿಗೆ ಬರಿಯ ಕೆಂಪು ಮಸುಕು. ನಲವತ್ತಾರು ಕೂಗಿತು, ಆಮೇಲೆ ನಲವತ್ತೆಂಟು. ತನಗೇ ಕಿವಿ ಮಂದವಾಯಿತೋ ಏನೋ ಎಂದು ನಾಚಿಕೊಂಡು ಆತ ಯಾರನ್ನೂ ಕೇಳದೆ ಒಂಬತ್ತರಿಂದ ಒಂದು ಗಂಟೆಯವರೆಗೆ ಕೂತೇ ಇದ್ದ. ಮಧ್ಯಾಹ್ನ ಅಳಿಯ ಬಂದು ಗಲಾಟೆ ಮಾಡಿ, ಕೌಂಟರಿನ ಹೆಂಗಸು ಪರಿಚಯದವರನ್ನು ಮುಂದೆ ಬಿಡುತ್ತಾಳೆ ಎಂದು ಎರಡು ಪುಟದ ದೂರು ಬರೆದುಕೊಟ್ಟು ಹೋದ. ಕೌಂಟರಿನ ಹೆಂಗಸು ಎಂದರೆ ಅಕ್ಕ. ಇಡೀ ಆಸ್ಪತ್ರೆಗೆ ಆಕೆ ಅಕ್ಕ. ಅವಳಿಗಿಂತ ಹಿರಿಯ ಡಾಕ್ಟರೂ ಹಾಗೇ ಕರೆಯುತ್ತಾರೆ. ಎರಡನೆಯ ಕೌಂಟರಿನಲ್ಲಿ ಆರು ತಿಂಗಳಿಗೊಬ್ಬರು ಬಂದು ಹೋಗುತ್ತಾರೆ, ಮೊದಲನೆಯದರಲ್ಲಿ ಒಂಬತ್ತು ವರ್ಷದಿಂದ ಅಕ್ಕನೇ. ಹಾಗಾಗಿ ದೂರಿಗೆ ಒಂದು ಮುಖ ಬೇಕಾದಾಗ ಅವಳ ಮುಖವೇ ಸಿಕ್ಕಿತು.

"ಯಂತ್ರಕ್ಕೆ ಮುಖದಾಕ್ಷಿಣ್ಯ ಇಲ್ಲ ನೋಡಿ" ಎಂದಿದ್ದರು ಆಡಳಿತಾಧಿಕಾರಿ, ಮೊನ್ನೆ, ಅವನನ್ನು ಕರೆಸಿ. ಅವರ ಮೇಜಿನ ಮೇಲೆ ದೂರಿನ ಎರಡು ಪುಟ, ಅದರ ಮೇಲೊಂದು ಗಾಜಿನ ಗುಂಡು. "ನಂಬರ್ ತಾನಾಗೇ ಹಾರಿಹೋಗುತ್ತೆ ಅಂತಾರೆ ಆಯಮ್ಮ. ಅದೆಂಗ್ರೀ ಹಾರುತ್ತೆ?" ಪ್ರೋಗ್ರಾಮಿನ ಮಾತನ್ನು ಯಾರೂ ಎತ್ತದಿದ್ದರೂ ಅವನ ಬಾಯಿಂದ ಬಂತು: "ಪ್ರೋಗ್ರಾಂ ಸರಿಯಾಗಿದೆ ಸಾರ್." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನು ನಿಜಕ್ಕೂ ಎಡಹೆಗಲನ್ನು ಒಮ್ಮೆ ಸವರಿಕೊಂಡ. ಸಾಹೇಬರು ಅದನ್ನು ಕಾಣಲಿಲ್ಲ, ಏಕೆಂದರೆ ಅವರಿಗೆ ಕಳ್ಳ ಯಾರೆಂದು ಮೊದಲೇ ಗೊತ್ತಿತ್ತು. "ನಿಮ್ಮ ಪ್ರೋಗ್ರಾಂ ಕೆಲಸ ಮಾಡ್ತಾ ಮಾಡ್ತಾ ಒಳಗೇ ಏನೇನೋ ಹೇಳ್ಕೊಳ್ತಾ ಇರುತ್ತಂತಲ್ಲ, ಲಾಗ್ ಅಂತ. ಅದನ್ನ ನಡೀತಾ ಇರುವಾಗಲೇ ಹಿಡಿದು ನನ್ನ ಪರದೆ ಮೇಲೆ ಬರೋ ಹಾಗೆ ಮಾಡಿ. ಗುರುವಾರ ಮೂರು ಗಂಟೆಗೆ ಆಯಮ್ಮನ್ನೂ ಕೂರಿಸಿಕೊಂಡು ನೋಡೋಣ. ಯಂತ್ರದ ತಪ್ಪಿಲ್ಲ ಅಂತಾದ್ರೆ ಮುಂದಿನ ತಿಂಗಳಿಂದ ಆಕೆ ಮನೇಲಿರಲಿ." "ಆಗಲಿ ಸಾರ್" ಎಂದ. ಆಗಲಿ ಎಂಬುದು ಅವನ ಬಾಯಲ್ಲಿ ಏನಿಲ್ಲ ಎಂಬುದರ ಅಣ್ಣ.

ಇವತ್ತು ಗುರುವಾರ. ಬೆಳಿಗ್ಗೆ ಎಂಟೂವರೆಗೇ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತ. ಕೆಲಸ ನಿಜವಾಗಿ ಕಷ್ಟದ್ದಲ್ಲ, ಹಾಗಾಗಿ ಎರಡು ದಿನ ಮುಂದೂಡಿದ್ದ. ಪ್ರೋಗ್ರಾಂ ಹೇಳಿಕೊಳ್ಳುವ ಮಾತು ಎಲ್ಲಿ ಹೊರಬೀಳುತ್ತದೋ ಅಲ್ಲಿ, ನಲ್ಲಿಯ ಕೆಳಗೆ ಬಟ್ಟಲು ಹಿಡಿದ ಹಾಗೆ, ಕೇಳಿಸಿಕೊಳ್ಳುವ ಒಂದು ಸಣ್ಣ ತುಂಡನ್ನು ಸೇರಿಸಬೇಕು. ಅದು ಬಂದ ಸಾಲುಗಳನ್ನೆಲ್ಲ ನೆನಪಿನಲ್ಲಿಟ್ಟುಕೊಂಡು, ಕೇಳಿದಾಗ ಪರದೆಗೆ ಬಡಿಸಬೇಕು. ಪ್ರೋಗ್ರಾಂ ನಿಲ್ಲಿಸುವ ಹಾಗಿಲ್ಲ, ಹೊರಗೆ ಜನ ಕೂತಿರುತ್ತಾರೆ. ಒಂದೇ ಒಂದು ಪ್ರಶ್ನೆ, ಯಾವ ಮಟ್ಟದ ಮಾತನ್ನು ಹಿಡಿಯುವುದು ಎಂಬುದು. ಈ ಕಸುಬಿನವರು ಪ್ರೋಗ್ರಾಮಿನ ಮಾತಿಗೆ ಮೆಟ್ಟಿಲುಗಳನ್ನು ಮಾಡಿಟ್ಟಿದ್ದಾರೆ. ಎಲ್ಲಕ್ಕಿಂತ ಮೇಲೆ ಎರರ್, ಅದು ಕೂಗಾಟ, ಕೆಂಪು ಬಣ್ಣದಲ್ಲಿ ಬರುತ್ತದೆ. ಅದರ ಕೆಳಗೆ ಎಚ್ಚರಿಕೆ, ಅದರ ಕೆಳಗೆ ಬರಿಯ ಸುದ್ದಿ. ಎಲ್ಲಕ್ಕಿಂತ ಕೆಳಗೆ ಡೀಬಗ್. ಬರೆಯುವವನು ತನಗೆ ತಾನೇ ಹೇಳಿಕೊಳ್ಳುವ ಮಾತು, ಬೂದು ಬಣ್ಣದ್ದು. ಅದನ್ನು ಅವನು ಗೊಣಗಾಟದ ಮಟ್ಟ ಎಂದು ಕರೆಯುತ್ತಿದ್ದ. ಗೊಣಗಾಟ ಹೆಚ್ಚಾಗಿ ಡಿಸ್ಕು ತುಂಬಿಹೋಗುತ್ತದೆ ಎಂದು ಒಂಬತ್ತು ವರ್ಷದ ಹಿಂದೆ ಆ ಬಾಯಿಗೆ ಬಟ್ಟೆ ತುರುಕಿದ್ದ. ಇವತ್ತು ಪರೀಕ್ಷೆಗೆಂದು ಬಟ್ಟೆ ಕಿತ್ತು, ಬಟ್ಟಲು ಹಿಡಿದು, ಒಂಬತ್ತು ಗಂಟೆಗೆ ಕೌಂಟರು ತೆರೆಯುವುದನ್ನು ಕಾದು ಕೂತ. ಸಾಲುಗಳು ಬರತೊಡಗಿದವು. ಟೋಕನ್ ಒಂದು, ಕೌಂಟರ್ ಒಂದು. ಟೋಕನ್ ಎರಡು, ಕೌಂಟರ್ ಎರಡು. ತಾನೇ ಬರೆದ ಹಳೆಯ ಮಾತುಗಳು ಹೀಗೆ ಸಾಲಾಗಿ ಬರುವುದನ್ನು ನೋಡಿ ಅವನಿಗೆ ಹಿಗ್ಗಾಯಿತು. ಎಷ್ಟು ಶಿಸ್ತು, ಎಷ್ಟು ಅಚ್ಚುಕಟ್ಟು ಎಂದುಕೊಂಡ. ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ, ಟೋಕನ್ ಅರವತ್ತೆರಡಾದ ಮೇಲೆ, ಈ ಸಾಲು ಬಂತು: ಇಲ್ಲಿಗೆ ಬರಬಾರದು, ಬಂದರೆ ಒಂದು ಟೋಕನ್ ಹೋಯಿತು, ತಪ್ಪು ನನ್ನದೇ, ಸೋಮವಾರ ಸರಿಮಾಡು.

ಅಕ್ಷರ ಪರದೇಶದ್ದು, ಮಾತು ಮನೆಯದು, ಇಂಗ್ಲಿಷ್ ಲಿಪಿಯಲ್ಲಿ ಕನ್ನಡ. ಯಾರ ಕಣ್ಣಿಗೂ ಬೀಳದ ಸಾಲು ಎಂಬ ಧೈರ್ಯದಿಂದ ಹಾಗೆ ಬರೆದಿದ್ದ. ಅದೊಂದು ಶುಕ್ರವಾರ ಸಂಜೆ, ಮಾರನೆಯ ವಾರ ಉದ್ಘಾಟನೆ, ಹೆಂಡತಿಯ ಅಣ್ಣನ ಮನೆಗೆ ಊಟಕ್ಕೆ ಹೋಗಬೇಕಿತ್ತು, ಅವಳು ಎರಡು ಸಲ ಫೋನ್ ಮಾಡಿದ್ದಳು. ಎರಡು ಕೌಂಟರು ಒಟ್ಟಿಗೆ ಒತ್ತಿದರೆ ಏನಾಗುತ್ತದೆ ಎಂದು ಆಗ ಹೊಳೆದಿತ್ತು. ಹೊಳೆದದ್ದಕ್ಕೆ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡು, ತಪ್ಪನ್ನು ಸದ್ದಿಲ್ಲದೆ ನುಂಗಿಬಿಡುವ ಎರಡು ಸಾಲು ಬರೆದು, ನುಂಗಿದ್ದಕ್ಕೆ ಗುರುತಾಗಿ ಈ ಗೊಣಗಾಟವನ್ನಿಟ್ಟು ಎದ್ದು ಹೋಗಿದ್ದ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಅವನದೇನೂ ಹಾಳಾಗಲಿಲ್ಲ, ಅವನು ಸೋಮವಾರ ಎಂದಿದ್ದ. ಆ ಸೋಮವಾರ ಬಂತು, ಅದರ ಹಿಂದೆ ನಾನೂರ ಅರವತ್ತು ಸೋಮವಾರ ಬಂದವು. ದಿನಕ್ಕೆ ನಾಲ್ಕೈದು ಸಲ ಪ್ರೋಗ್ರಾಂ ತಪ್ಪು ನನ್ನದೇ ಎಂದು ಹೇಳಲು ಬಾಯಿ ತೆರೆದಿದೆ, ಅಷ್ಟು ಸಲವೂ ಅವನು ತುರುಕಿದ ಬಟ್ಟೆ ಅದನ್ನು ತಡೆದಿದೆ. ಒಂದು ಯಂತ್ರ ಇಷ್ಟು ವಿನಯದಿಂದ ಹದಿಮೂರು ಸಾವಿರ ಸಲ ತಪ್ಪೊಪ್ಪಿಕೊಳ್ಳಲು ನೋಡಿದ್ದು, ಅದನ್ನು ಬರೆದವನು ಒಮ್ಮೆಯೂ ಒಪ್ಪಿಕೊಳ್ಳದಿದ್ದದ್ದು ಅವನಿಗೆ ನಗು ತರಿಸಿತು. ನಕ್ಕ. ನಗು ಒಂದು ಥರ ಕೆಮ್ಮಿನ ಹಾಗೆ ಕೇಳಿಸಿ, ಪಕ್ಕದ ಕನ್ನಡಕದ ಅಂಗಡಿಯವನು ಗೋಡೆಯಾಚೆಯಿಂದ "ಬಿಸಿನೀರು ಕುಡೀರಿ ಸಾರ್" ಎಂದ.

ಶಾಲೆಯಲ್ಲಿ ಓದುತ್ತಿದ್ದಾಗ ಮೇಷ್ಟ್ರು ಹೊರಗೆ ಹೋಗುವಾಗ ಸೀಮೆಸುಣ್ಣವನ್ನು ಅವನ ಕೈಗೆ ಕೊಟ್ಟು ಹೋಗುತ್ತಿದ್ದರು. ಅವನು ತರಗತಿಯ ಮಾನಿಟರು, ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ಅವನ ಅಧಿಕಾರ. ಒಂದು ದಿನ ತಾನೇ ಹಿಂದಿನ ಬೆಂಚಿನ ಗೆಳೆಯನಿಗೆ ಏನೋ ಹೇಳಿ ನಗಿಸಿದ. ಆ ಗೆಳೆಯನನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು, ಅಷ್ಟು ಸಣ್ಣವನು. ಗುಬ್ಬಿ ನಕ್ಕ, ತಿರುಗಿ ಒಂದು ಮಾತು ಹೇಳಿದ, ಅಷ್ಟರಲ್ಲಿ ಹೊರಗೆ ಮೇಷ್ಟ್ರ ಬೂಟಿನ ಸದ್ದಾಯಿತು. ಬೋರ್ಡು ಖಾಲಿ ಇದ್ದರೆ ಮಾನಿಟರು ಕೆಲಸ ಮಾಡಿಲ್ಲ ಎಂದಾಗುತ್ತದೆ. ಅವನು ಗುಬ್ಬಿ ಎಂದು ಬರೆಯಲಿಲ್ಲ, ಹಾಜರಿ ಪುಸ್ತಕದಲ್ಲಿದ್ದ ಪೂರ್ತಿ ಹೆಸರನ್ನು, ತಂದೆಯ ಹೆಸರಿನ ಸಮೇತ, ಬಾಗಿಲು ತೆರೆಯುವುದರೊಳಗೆ ಬರೆದು ಮುಗಿಸಿದ. "ಅಕ್ಷರ ಮುತ್ತಿನ ಹಾಗಿದೆ ಕಣೋ" ಎಂದರು ಮೇಷ್ಟ್ರು. ಗುಬ್ಬಿ ಬೆಂಚಿನ ಮೇಲೆ ಹತ್ತಿ ನಿಂತು ಕಿಟಕಿಯಾಚೆ ನೋಡುತ್ತಿದ್ದ. ಮಧ್ಯಾಹ್ನದ ಬಿಡುವಿನಲ್ಲಿ ಎಂದಿನಂತೆ ಅವನ ಪಕ್ಕದಲ್ಲೇ ಕೂತು ಊಟ ಮಾಡಿದ, ಏನೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ಅವನು ಈಗ, ಪರದೆಯ ಮೇಲಿನ ಬೂದುಸಾಲನ್ನು ನೋಡುತ್ತ, ಯೋಚಿಸಿದ. ಏನಿಲ್ಲ ಎನ್ನುತ್ತಿದ್ದೆ.

ಮುಖ ತೊಳೆದುಕೊಂಡು ಬರೋಣವೆಂದು ಹೊರಗೆ ಬಂದರೆ ಕಾಯುವ ಕೋಣೆ ತುಂಬಿತ್ತು. ಕಣ್ಣಿಗೆ ಹನಿ ಹಾಕಿಸಿಕೊಂಡವರು ಒಂದೇ ಕಡೆ ಮುಖ ಮಾಡಿ, ಕಾಣದ ಫಲಕವನ್ನು ನೋಡುತ್ತ, ಚೀಟಿಗಳನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದರು. ಕೌಂಟರಿನಲ್ಲಿ ಅಕ್ಕ ಗುಂಡಿ ಒತ್ತಿದಳು. ಅವಳು ಒತ್ತುವ ರೀತಿಯೇ ಬೇರೆ. ತೋರುಬೆರಳನ್ನು ಮೇಲಿಂದ ನೇರ ಇಳಿಸಿ, ಒಮ್ಮೆ ಒತ್ತಿ, "ಒಂದು" ಎಂದು ತುಟಿಯಲ್ಲೇ ಹೇಳಿಕೊಂಡು, ತಕ್ಷಣ ಕೈಯನ್ನು ಕಿವಿಯ ಎತ್ತರಕ್ಕೆ ಎತ್ತಿಬಿಡುತ್ತಾಳೆ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ. ನೋಡಿದವರಿಗೆ ನಗು ಬಾರದೆ ಇರದು. ಅವನು ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನು ಅನುಕರಿಸಿ ಹೆಂಡತಿಯನ್ನು ಎಷ್ಟೋ ಸಲ ನಗಿಸಿದ್ದಾನೆ. ಅದಕ್ಕೆ ಕೌಂಟರ್ ನಾಟ್ಯ ಎಂದು ಹೆಸರನ್ನೂ ಇಟ್ಟಿದ್ದ. ಎರಡು ವರ್ಷದ ಹಿಂದೆ ಸಿಬ್ಬಂದಿಯ ವಾರ್ಷಿಕ ಕೂಟದಲ್ಲಿ ಎಲ್ಲರೂ ಒತ್ತಾಯಿಸಿದ್ದಕ್ಕೆ ವೇದಿಕೆ ಹತ್ತಿ ಮಾಡಿ ತೋರಿಸಿದ್ದ. ಡಾಕ್ಟರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು, ಅಕ್ಕನೂ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. ಜೀವನದಲ್ಲಿ ಅವನಿಗೆ ಚಪ್ಪಾಳೆ ಬಿದ್ದದ್ದು ಅದೊಂದೇ ಸಲ.

"ಏನಪ್ಪಾ ಕಂಪ್ಯೂಟರ್, ಮುಖ ಯಾಕೆ ಹೀಗಿದೆ?" ಎಂದಳು ಅಕ್ಕ, ಕೈಯನ್ನು ಮೇಲಿಟ್ಟುಕೊಂಡೇ. "ಏನಿಲ್ಲ ಅಕ್ಕ." "ಅರವತ್ತಮೂರು ಹಾರಿಹೋಯ್ತು ನೋಡು ಈಗ. ನಾನೇ ಎದ್ದು ಹೋಗಿ ಕರ್ಕೊಂಡು ಬಂದೆ, ಪಾಪ, ಬಸುರಿ ಹೆಂಗಸು." ಅವಳ ಮುಂದೆ ಒಂದು ದಪ್ಪ ನೋಟುಪುಸ್ತಕ ತೆರೆದಿತ್ತು. ಅದರಲ್ಲಿ ದುಂಡಗಿನ ಅಕ್ಷರದಲ್ಲಿ ಅರವತ್ತಮೂರು, ಹನ್ನೊಂದು ಹನ್ನೆರಡು ಎಂದು ಬರೆದಿತ್ತು. ಅವನ ಬಟ್ಟಲಿಗೆ ಬಿದ್ದದ್ದೂ ಅದೇ ನಿಮಿಷದ ಮಾತು. "ಮೂರು ಗಂಟೆಗೆ ಬಾ ಅಂದಿದ್ದಾರೆ ಸಾಹೇಬ್ರು. ಈ ಪುಸ್ತಕ ತಗೊಂಡು ಹೋಗ್ತೀನಿ. ನೀನೂ ಇರ್ತೀಯಲ್ಲ?" "ಇರ್ತೀನಿ." "ಮತ್ತೇನು ಭಯ, ನೀನಿದ್ದೀಯಲ್ಲ" ಎಂದಳು. ಇದನ್ನು ಅವಳು ವ್ಯಂಗ್ಯವಾಗಿ ಹೇಳಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತಿರುಗಿ ಹೋಗುವಾಗ ಮೊದಲ ಸಾಲಿನಲ್ಲಿ ಕೂತಿದ್ದ ಮುದುಕನೊಬ್ಬ ಅವನ ಅಂಗಿಯ ಅಂಚನ್ನು ಹಿಡಿದ. ಕಣ್ಣೆರಡೂ ಹನಿಯಿಂದ ಮಂಜಾಗಿದ್ದವು. ಎರಡನೆಯ ಪರೀಕ್ಷೆಗೆ ಬಂದ ಆ ದರ್ಜಿಯೇ. "ಕಾಜ ತಪ್ಪಿದೆ ಸ್ವಾಮಿ" ಎಂದ, ಬೆರಳಿನಿಂದ ಗುಂಡಿಗಳ ಸಾಲನ್ನು ತಡವುತ್ತ, "ಅಂಗಿ ಒಂದು ಕಡೆ ಎಳೀತಾ ಇತ್ತು, ಅಷ್ಟು ಮಾತ್ರ ಕಂಡ್ತು." ಬೆಳಿಗ್ಗೆ ಹೆಂಡತಿ ಹೇಳಿದ ಮೇಲೆ ಬಿಚ್ಚಿ ಮತ್ತೆ ಹಾಕಿಕೊಂಡಿದ್ದ, ಮತ್ತೆ ತಪ್ಪಾಗಿಯೇ ಹಾಕಿಕೊಂಡಿದ್ದ. ನಾಲ್ಕು ಗಂಟೆ ಸುಮ್ಮನೆ ಕೂರಿಸಿದವನ ಎದೆಯ ಮೇಲಿನ ಗುಂಡಿಯನ್ನು ಆ ದರ್ಜಿ ಬಿಚ್ಚಿ, ಸರಿಯಾದ ಕಾಜಕ್ಕೆ ಹಾಕಿ, ತಟ್ಟಿ ಕಳಿಸಿದ. ಅವನಿಗೆ ಅಲ್ಲೇ ಅತ್ತುಬಿಡುವ ಹಾಗಾಯಿತು, ಆದರೆ ಅಷ್ಟು ಜನರ ನಡುವೆ ಅಳುವುದಕ್ಕೂ ಒಂದು ಯೋಗ್ಯತೆ ಬೇಕು ಎನ್ನಿಸಿತು.

ಕೋಣೆಗೆ ಬಂದವನು ಮೊದಲು ಮಾಡಿದ ಕೆಲಸವೆಂದರೆ ಮಟ್ಟವನ್ನು ಎಚ್ಚರಿಕೆಗೆ ಏರಿಸಿದ್ದು. ಒಂದು ಪದ ಬದಲಿಸಿದರೆ ಸಾಕು. ಬೂದುಸಾಲುಗಳೆಲ್ಲ ಮಾಯವಾಗಿ ಪರದೆ ಶುಭ್ರವಾಯಿತು. ಸಾಹೇಬರಿಗೆ ತೋರಿಸುವುದಕ್ಕೆ ಏನೂ ಇಲ್ಲ. ಏನೂ ಇಲ್ಲ ಎಂದರೆ ಯಂತ್ರ ಸರಿಯಿದೆ, ಯಂತ್ರ ಸರಿಯಿದ್ದರೆ ಅಕ್ಕ ಮನೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಲೋಕದಲ್ಲಿ ಹೊಸದೇನಲ್ಲ ಎಂದು ಸಮಾಧಾನ ಹೇಳಿಕೊಂಡ. ಆ ಸಮಾಧಾನ ಒಂದು ಲೋಟ ಚಹಾ ಮುಗಿಯುವವರೆಗೆ ಬಾಳಿಕೆ ಬಂತು. ಮತ್ತೆ ಕೆಳಗಿನ ಮಟ್ಟಕ್ಕೆ ಇಳಿಸಿದ. ಇಳಿಸಿದ ಕೂಡಲೇ ತಾನೊಬ್ಬ ಧೀರ ಎಂಬ ಭಾವನೆ ಉಕ್ಕಿ ಬಂತು. ಸಾಹೇಬರು ಆ ಸಾಲನ್ನು ಓದುವುದು, ಎದ್ದು ನಿಲ್ಲುವುದು, "ಏನ್ರೀ ಇದು!" ಎಂದು ಗುಡುಗುವುದು, ತಾನು ತಲೆ ಎತ್ತಿಯೇ ನಿಲ್ಲುವುದು, ಕೆಲಸ ಹೋಗಿ ಪೆಟ್ಟಿಗೆ ಹಿಡಿದು ಹೊರಡುವಾಗ ಅಕ್ಕ ಕಣ್ಣೊರೆಸಿಕೊಳ್ಳುವುದು, ಎಲ್ಲವನ್ನೂ ಮನಸ್ಸಿನಲ್ಲೇ ಕಂಡ. ಆ ಪೆಟ್ಟಿಗೆಯಲ್ಲಿ ಏನಿರಬೇಕು ಎಂದು ಕೋಣೆಯ ಸುತ್ತ ನೋಡಿದರೆ ತನ್ನದು ಎನ್ನುವುದು ಒಂದು ಲೋಟ ಮಾತ್ರ ಇತ್ತು. ಕೆಲಸ ಹೋದರೆ ಹೆಂಡತಿಗೆ ಏನು ಹೇಳುವುದು ಎಂದು ಹೆದರಿ ಮತ್ತೆ ಮೇಲೇರಿಸಿದ. ಹೀಗೆ ಎರಡೂಮುಕ್ಕಾಲರವರೆಗೆ ಏರಿಸಿ ಇಳಿಸಿ, ಕೊನೆಗೆ ಇಳಿಸಿದ ಸ್ಥಿತಿಯಲ್ಲಿದ್ದಾಗ ಗಡಿಯಾರ ನೋಡಿ ಎದ್ದ. ಅದನ್ನು ಬಾಯಿಬಿಟ್ಟು ಹೇಳುವ ಕಷ್ಟವೂ ತನಗಿಲ್ಲ, ಪರದೆಯೇ ಹೇಳುತ್ತದೆ, ತಾನು ಪಕ್ಕದಲ್ಲಿ ನಿಂತರೆ ಸಾಕು ಎಂದುಕೊಂಡಾಗ ಮನಸ್ಸು ಹಗುರವಾಯಿತು.

ಸಾಹೇಬರ ಕೋಣೆಯಲ್ಲಿ ಅಕ್ಕ ಕುರ್ಚಿಯ ತುದಿಯಲ್ಲಿ, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸಾಹೇಬರು ಅದನ್ನು ತೆಗೆದುಕೊಂಡು ಎರಡು ಪುಟ ಮಗುಚಿ ಹಿಂದಿರುಗಿಸಿದರು. "ಇದು ನೀವು ಬರೆದಿದ್ದಲ್ವಾ ಅಮ್ಮ? ಮನುಷ್ಯರು ಏನು ಬೇಕಾದ್ರೂ ಬರೀಬಹುದು. ಎಲ್ಲಿ, ಕಂಪ್ಯೂಟರ್, ನಿಮ್ದು ತೋರಿಸಿ." ಅವನು ತೋರಿಸಿದ. ಬೆಳಿಗ್ಗೆಯಿಂದ ಹಿಡಿದಿಟ್ಟ ಎಂಟುನೂರು ಸಾಲು ಪರದೆಯ ಮೇಲೆ ನಿಂತವು. ಸಾಹೇಬರು ಕನ್ನಡಕ ಏರಿಸಿ, ಮೌಸಿನ ಚಕ್ರವನ್ನು ಬೆರಳಿನಿಂದ ತಿರುಗಿಸತೊಡಗಿದರು. ಹತ್ತು ಗಂಟೆಯ ಸಾಲುಗಳು ಹೋದವು. ಹನ್ನೊಂದರವು ಬಂದವು. ಅರವತ್ತೆರಡು ಬಂತು, ಅದರ ಕೆಳಗೆ ಅವನ ಸಾಲು ಬಂತು, ಪರದೆಯ ನಡುಮಧ್ಯೆ ಒಂದು ಗಳಿಗೆ ನಿಂತಿತು, ಮೇಲಕ್ಕೆ ಹೋಗಿ ಮರೆಯಾಯಿತು. ಸಾಹೇಬರು ತಿರುಗಿಸುತ್ತಲೇ ಇದ್ದರು. ಹನ್ನೆರಡು, ಒಂದು, ಎರಡು ಗಂಟೆ. ಅದೇ ಸಾಲು ಇನ್ನೂ ಮೂರು ಕಡೆ ಬಂದು ಹೋಯಿತು. ಕೊನೆ ಮುಟ್ಟಿದ ಮೇಲೆ ಅವರು ಹಿಂದಕ್ಕೊರಗಿ, "ಎಲ್ಲಾ ಬೂದು. ಎರರ್ ಬಂದ್ರೆ ಕೆಂಪಗೆ ಬರುತ್ತೆ ಅಂತ ನೀವೇ ಹೇಳಿದ್ರಲ್ಲ? ಒಂದೂ ಕೆಂಪಿಲ್ಲ. ಯಂತ್ರದ್ದೇನೂ ತಪ್ಪಿಲ್ಲ ಅಂತಾಯ್ತು" ಎಂದರು.

ಇದು ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಬೆತ್ತಲಾಗಿ ಬೀದಿಗೆ ಬಂದರೂ ಯಾರೂ ತಿರುಗಿ ನೋಡದಿದ್ದರೆ ಮಾನ ಹೋಯಿತೋ ಉಳಿಯಿತೋ ಎಂಬಂಥ ಗೊಂದಲ. ಮೊದಲು ಬಂದದ್ದು, ಹೇಳಿಕೊಳ್ಳಲು ನಾಚಿಕೆಯಾಗಬೇಕು, ನೆಮ್ಮದಿ. ತನ್ನ ಕೈಲಾದದ್ದನ್ನು ಮಾಡಿಯಾಯಿತು, ಕಣ್ಣ ಮುಂದೆ ಇಟ್ಟದ್ದನ್ನು ಓದದಿದ್ದರೆ ಅದು ಓದದವರ ತಪ್ಪು. ಎರಡನೆಯದು ಅಕ್ಕನ ಕೈ. ಪುಸ್ತಕದ ಮೇಲಿದ್ದ ಆ ಕೈ ನಿಧಾನವಾಗಿ ಪುಸ್ತಕವನ್ನು ಮುಚ್ಚಿತು, ಅಂಚನ್ನು ಅಂಚಿಗೆ ಹೊಂದಿಸಿತು. ಅವಳು ಅವನ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನೋಡಿದಳು.

"ಸಾರ್" ಎಂದ. "ಸ್ವಲ್ಪ ಹಿಂದಕ್ಕೆ ತಗೊಳ್ಳಿ. ಹನ್ನೊಂದು ಹನ್ನೆರಡು." "ಏನಿದೆ ಅಲ್ಲಿ?" "ಓದಿ ಸಾರ್." ಸಾಹೇಬರು ಪರದೇಶದ ಅಕ್ಷರದಲ್ಲಿದ್ದ ಮನೆಮಾತನ್ನು ಒಂದೊಂದೇ ಅಕ್ಷರ ಕೂಡಿಸಿಕೊಂಡು, ಒಂದನೇ ತರಗತಿಯ ಮಗುವಿನ ಹಾಗೆ ಜೋರಾಗಿ ಓದಿದರು. ಓದಿ ಮುಗಿಸಿ, "ಇದೇನು, ಯಾರು ಹೇಳ್ತಿರೋದು ಇದನ್ನ?" ಎಂದರು. ಅವನು ಹೇಳಿದ: "ನಾನು ಸಾರ್. ಒಂಬತ್ತು ವರ್ಷದ ಹಿಂದೆ ಬರೆದಿದ್ದು. ಎರಡು ಕೌಂಟರು ಒಟ್ಟಿಗೆ ಒತ್ತಿದ್ರೆ ಒಂದು ನಂಬರು ಹೋಗುತ್ತೆ. ಅಕ್ಕಂದು ಏನೂ ಇಲ್ಲ ಇದರಲ್ಲಿ. ನನಗೆ ಮೊದಲಿಂದಲೂ ಗೊತ್ತಿತ್ತು." ಹೇಳಿ ಮುಗಿಸಿ ಸಿಡಿಲಿಗಾಗಿ ಕಾದ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಅಯ್ಯೋ, ಅಷ್ಟೇ ತಾನೇ. ಮೊದಲೇ ಹೇಳೋದಲ್ವಾ ಮಾರಾಯ್ರೆ. ಕೆಲಸ ಮಾಡೋರ ಕೈಲಿ ತಪ್ಪಾಗುತ್ತೆ. ಸರಿಮಾಡಿಬಿಡಿ." ಆಮೇಲೆ ಅಕ್ಕನ ಕಡೆ ತಿರುಗಿ, "ನೀವಿನ್ನು ಹೋಗಿ ಅಮ್ಮ, ಹೊರಗೆ ಜನ ಕಾಯ್ತಿದ್ದಾರೆ" ಎಂದು ದೂರಿನ ಪುಟಗಳ ಮೇಲಿಂದ ಗಾಜಿನ ಗುಂಡನ್ನು ಎತ್ತಿ ಪಕ್ಕಕ್ಕಿಟ್ಟರು. ಅವಳದೆಂದಾಗಿದ್ದರೆ ಕೆಲಸ ಹೋಗುತ್ತಿದ್ದ ತಪ್ಪು, ಅವನದೆಂದು ಗೊತ್ತಾದ ಮೇಲೆ ಒಂದು ಮಾತಿನಲ್ಲಿ ಮುಗಿದುಹೋಯಿತು. ಪೆಟ್ಟಿಗೆಯೂ ಇಲ್ಲ, ಗುಡುಗೂ ಇಲ್ಲ. ಬೈಸಿಕೊಳ್ಳುವ ಯೋಗ್ಯತೆಯೂ ಇಲ್ಲದವನಂತೆ ಹೊರಗೆ ಬಂದ.

ಓಣಿಯಲ್ಲಿ ಅಕ್ಕ ಅವನಿಗಾಗಿ ನಿಂತಿದ್ದಳು. "ತಪ್ಪಾಯ್ತು ಅಕ್ಕ" ಎಂದ. ಅವಳು ಪುಸ್ತಕ ತೆರೆದು, ಹಿಂದಕ್ಕೆ ಹಿಂದಕ್ಕೆ ಮಗುಚಿ, ಮೊದಲ ಪುಟವನ್ನು ಅವನ ಮುಂದೆ ಹಿಡಿದಳು. ಹಾಳೆ ಹಳದಿಗಟ್ಟಿತ್ತು. ಇಪ್ಪತ್ತೊಂದು, ಹತ್ತೂಕಾಲು ಎಂದು ಮೊದಲ ಸಾಲು. ಅದರ ಕೆಳಗೆ ಅದೇ ದುಂಡಗಿನ ಅಕ್ಷರದಲ್ಲಿ: ಕಂಪ್ಯೂಟರಿನವರನ್ನು ಕೇಳಿದೆ. ನಾನು ಎರಡು ಸಲ ಒತ್ತಿರಬೇಕು ಅಂದರು. ಒಂದು ಸಲ ಒತ್ತಿ ತಕ್ಷಣ ಕೈ ಎತ್ತಿಬಿಡಬೇಕು ಅಂದರು. ಅವನು ಅದನ್ನು ಎರಡು ಸಲ ಓದಿದ. ಹಾಗೆ ಹೇಳಿದ್ದು ಅವನಿಗೆ ನೆನಪೇ ಇರಲಿಲ್ಲ. ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲಲ್ಲಿ ಹೊಸದಾಗಿ ಸೇರಿದ ಒಬ್ಬ ಹೆಂಗಸು ಅಂಜುತ್ತ ನಿಂತದ್ದು, ತಾನು ಪರದೆಯಿಂದ ಕಣ್ಣು ಕೀಳದೆ ಏನೋ ಅಂದು ಕಳಿಸಿದ್ದು, ಅಷ್ಟು ಮಾತ್ರ ಮಸುಕಾಗಿ ಬಂತು. "ಆಮೇಲೂ ಹಾರ್ತಾನೇ ಇತ್ತು" ಎಂದಳು ಅಕ್ಕ. "ನನ್ನ ಕೈಯೇ ಸರಿಯಿಲ್ಲ ಅಂದ್ಕೊಂಡೆ. ನಡುಗುತ್ತೇನೋ, ನನಗೇ ಗೊತ್ತಾಗದ ಹಾಗೆ ಎರಡು ಸಲ ಬೀಳುತ್ತೇನೋ ಅಂತ. ಅದಕ್ಕೇ ಜೋರಾಗಿ ಎತ್ತೋದು ಅಭ್ಯಾಸ ಮಾಡ್ಕೊಂಡೆ, ಒಂದು ಅಂತ ಎಣಿಸ್ಕೊಂಡು." ಅವನ ಮುಖ ನೋಡಿ, ಸಮಾಧಾನ ಹೇಳುವವಳಂತೆ ಸೇರಿಸಿದಳು: "ಅವತ್ತು ಕೂಟದಲ್ಲಿ ನೀನು ಚೆನ್ನಾಗೇ ಮಾಡಿ ತೋರಿಸಿದ್ದೆ ಬಿಡು."

ಸರಿಮಾಡಲು ಹಿಡಿದದ್ದು ಹದಿನೇಳು ನಿಮಿಷ, ನಾಲ್ಕು ಸಾಲು. ಹಳೆಯ ಗೊಣಗಾಟವನ್ನು ಅಳಿಸುವ ಮುನ್ನ ಬೆರಳು ಒಂದು ಗಳಿಗೆ ನಿಂತಿತು. ಅಷ್ಟು ವರ್ಷ ಅವನ ಪರವಾಗಿ ಮಾತಾಡಲು ನೋಡಿದ್ದು ಅದೊಂದೇ. ಅಳಿಸಿದ. ಐದಕ್ಕೆ ಹತ್ತು ನಿಮಿಷವಿದ್ದಾಗ ಕೌಂಟರಿನ ಮುಂದೆ ಹೋಗಿ ನಿಂತ. ಕಾಯುವ ಕೋಣೆಯಲ್ಲಿ ಇನ್ನು ಒಬ್ಬರೇ ಉಳಿದಿದ್ದರು. "ಆಯ್ತು ಅಕ್ಕ" ಎಂದ, "ಇನ್ನು ಹತ್ತು ಸಲ ಒತ್ತಿದ್ರೂ ಏನೂ ಆಗಲ್ಲ. ಹೇಗೆ ಬೇಕಾದ್ರೂ ಒತ್ತಿ. ಕೈ ಎತ್ತಬೇಕಾಗಿಲ್ಲ." "ಹೌದಾ?" ಎಂದಳು. ಬೆರಳನ್ನು ಗುಂಡಿಯ ಮೇಲಿಟ್ಟು, ಅವನಿಗೆ ತೋರಿಸುವುದಕ್ಕೆಂದೇ ಹಗುರವಾಗಿ, ಎಲ್ಲರೂ ಒತ್ತುವ ಹಾಗೆ ಒತ್ತಿದಳು. ಫಲಕದಲ್ಲಿ ನೂರಾ ಹತ್ತೊಂಬತ್ತು ಹೊಳೆಯಿತು, ಹೆಣ್ಣುದನಿ ಅದನ್ನು ಕೂಗಿತು, ತುಟಿ ಒಂದು ಎಂದಿತು, ಕೈ ಕಿವಿಯ ಎತ್ತರಕ್ಕೆ ಹೋಗಿ ನಿಂತಿತು. ಅಕ್ಕ ತಲೆ ಎತ್ತಿ ತನ್ನ ಕೈಯನ್ನೇ ನೋಡಿದಳು. "ನನಗೆ ಹೇಳಿದ್ದಾಯ್ತು" ಎಂದಳು, "ಇದಕ್ಕೆ ನೀನೇ ಹೇಳಪ್ಪ."

ಅವನು ಏನಿಲ್ಲ ಎನ್ನಲಿಲ್ಲ. ಕೊನೆಯ ರೋಗಿ ಚೀಟಿ ಹಿಡಿದು, ಫಲಕ ಕಾಣದೆ, ದನಿ ಬಂದ ಕಡೆಗೆ ತಡವುತ್ತ ಬರುತ್ತಿದ್ದ. ಅವನು ಹೋಗಿ ಆತನ ಕೈ ಹಿಡಿದುಕೊಂಡ.